ವಯಸ್ಕರ ತರಗತಿಯಲ್ಲಿ ಶಿಸ್ತು: ಗದ್ದಲ, ಗೇಲಿ, ಜಗಳಗಳನ್ನು ನಿಭಾಯಿಸುವ ಬಗೆ

ಶಾಲೆಗೆ ಬಂದ ಮಗು ಗಂಟೆ ಬಾರಿಸುವವರೆಗೆ ಕುಳಿತಿರಲೇಬೇಕು. ರಾತ್ರಿ ನಡೆಯುವ ಸಾಕ್ಷರತಾ ಕೇಂದ್ರಕ್ಕೆ ಬಂದ ಐವತ್ತು ವಯಸ್ಸಿನ ಕೃಷಿಕರಿಗೆ ಅಂತಹ ಕಟ್ಟುಪಾಡಿಲ್ಲ. ಬೇಸರವಾದರೆ, ಅವಮಾನವಾದರೆ ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತಾರೆ, ಮರುದಿನ ಬರುವುದಿಲ್ಲ. ಅವರ ಹಿಂದೆಯೇ ಮತ್ತಿಬ್ಬರ ಹಾಜರಾತಿಯೂ ನಿಲ್ಲುತ್ತದೆ. ಆದ್ದರಿಂದ ವಯಸ್ಕರ ತರಗತಿಯಲ್ಲಿ ಶಿಸ್ತಿನ ಪ್ರಶ್ನೆಯು ಕಲಿಕೆಯ ಪ್ರಶ್ನೆಯಷ್ಟೇ ಮುಖ್ಯವಾದುದು. ಒಬ್ಬರ ಗದ್ದಲವನ್ನು ತಡೆಯಲಾಗದ ಬೋಧಕರು ಉಳಿದವರನ್ನು ಕಳೆದುಕೊಳ್ಳುತ್ತಾರೆ. ಒರಟಾಗಿ ತಡೆಯಹೊರಟ ಬೋಧಕರು ಆ ಒಬ್ಬರ ಜೊತೆಗೆ ಇನ್ನೂ ಹಲವರನ್ನು ಕಳೆದುಕೊಳ್ಳುತ್ತಾರೆ.

ಹಿನ್ನೆಲೆ

ಭಾರತದಲ್ಲಿ ವಯಸ್ಕರಿಗೆ ಅಕ್ಷರ ಕಲಿಸುವ ಕೆಲಸ ಹಲವು ಹಂತಗಳಲ್ಲಿ ನಡೆದುಬಂದಿದೆ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. 1988ರ ಮೇ ತಿಂಗಳಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪನೆಯಾಯಿತು. 1990ರ ಫೆಬ್ರವರಿಯಲ್ಲಿ ಕೇರಳದ ಎರ್ನಾಕುಳಂ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾದ ನಂತರ ಆ ಮಾದರಿ ದೇಶದ ಇತರ ಜಿಲ್ಲೆಗಳಿಗೂ ಹರಡಿತು. ಕರ್ನಾಟಕದಲ್ಲಿಯೂ ಸಾಕ್ಷರತಾ ಆಂದೋಲನ ನಡೆಯಿತು. 2009ರ ಸೆಪ್ಟೆಂಬರ್ 8ರಂದು ಪ್ರಾರಂಭಗೊಂಡ ಸಾಕ್ಷರ ಭಾರತ ಕಾರ್ಯಕ್ರಮ 2018ರ ಮಾರ್ಚ್‌ವರೆಗೆ ಜಾರಿಯಲ್ಲಿತ್ತು. ಅದರ ನಂತರ 15 ವರ್ಷ ಮೇಲ್ಪಟ್ಟ ಅನಕ್ಷರಸ್ಥರಿಗಾಗಿ 2022ರಿಂದ 2027ರವರೆಗಿನ ಅವಧಿಗೆ ನವಭಾರತ ಸಾಕ್ಷರತಾ ಕಾರ್ಯಕ್ರಮ ರೂಪುಗೊಂಡಿತು. ‘ಉಲ್ಲಾಸ್’ ಎಂಬ ಹೆಸರಿನಿಂದ ಅದು ಪರಿಚಿತವಾಗಿದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತಾ ಪ್ರಮಾಣ ಶೇ. 75.36. ಪುರುಷರಲ್ಲಿ ಅದು ಶೇ. 82.47 ಇದ್ದರೆ ಮಹಿಳೆಯರಲ್ಲಿ ಶೇ. 68.08. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಶೇ. 88ನ್ನು ದಾಟಿದ್ದ ಈ ಪ್ರಮಾಣ ಯಾದಗಿರಿ ಜಿಲ್ಲೆಯಲ್ಲಿ ಶೇ. 52ನ್ನೂ ಮುಟ್ಟಿರಲಿಲ್ಲ. ಈ ಅಂತರವನ್ನು ತುಂಬುವ ಹೊಣೆ ಬಹುಮಟ್ಟಿಗೆ ಸ್ವಯಂಸೇವಕ ಬೋಧಕರ ಮೇಲಿದೆ. ಉಲ್ಲಾಸ್ ಕಾರ್ಯಕ್ರಮದಲ್ಲಿ ಅವರಿಗೆ ಸಂಬಳವಿಲ್ಲ. ಅನೇಕರಿಗೆ ಬೋಧನೆಯ ಪದವಿಯೂ ಇರುವುದಿಲ್ಲ. ಅವರು ಅದೇ ಊರಿನ ಕಾಲೇಜು ವಿದ್ಯಾರ್ಥಿಯಾಗಿರಬಹುದು, ಸ್ವಸಹಾಯ ಸಂಘದ ಸದಸ್ಯೆಯಾಗಿರಬಹುದು, ಇತ್ತೀಚೆಗೆ ಮದುವೆಯಾಗಿ ಬಂದ ಸೊಸೆಯಾಗಿರಬಹುದು. ಮಾವನ ಓರಗೆಯವರಿಗೆ ಪಾಠ ಹೇಳುವ ಸೊಸೆಯು ಗದ್ದಲ ಮಾಡಿದವರನ್ನು ಗದರಿಸುವುದಾದರೂ ಹೇಗೆ? ಅಧಿಕಾರವೇ ಇಲ್ಲದ ಸ್ಥಾನದಲ್ಲಿ ನಿಂತು ಶಿಸ್ತನ್ನು ಕಾಪಾಡಬೇಕಾದ ಈ ಸನ್ನಿವೇಶವೇ ವಯಸ್ಕರ ತರಗತಿಯ ವಿಶೇಷ.

ಅಡ್ಡಿ ಯಾವುದು, ಯಾವುದಲ್ಲ

ಎಲ್ಲ ಸದ್ದೂ ಅಡ್ಡಿಯಲ್ಲ. ಹಾಲು ಕರೆದು ಡೇರಿಗೆ ಹಾಕಿ ಬರುವವರು ತಡವಾಗಿ ಬರುವುದು, ಕಂಕುಳಲ್ಲಿನ ಕೂಸು ಅಳುವುದು, ಹೊಲದಲ್ಲಿ ದುಡಿದು ದಣಿದವರು ತೂಕಡಿಸುವುದು, ಅರ್ಥವಾಗದ್ದನ್ನು ಗಟ್ಟಿಯಾದ ದನಿಯಲ್ಲಿ ಕೇಳುವುದು ಇವೆಲ್ಲ ದುಡಿಯುವವರ ಬದುಕಿನ ಭಾಗಗಳು. ಇವುಗಳನ್ನು ತಪ್ಪೆಂದು ಎಣಿಸುವ ಬೋಧಕರಿಗೆ ವಾರದೊಳಗೆ ಖಾಲಿ ಚಾಪೆಯೇ ಗತಿ. ಇಲ್ಲಿ ಬದಲಾಗಬೇಕಾದುದು ಪಾಠದ ವೇಳೆ ಮತ್ತು ವಿಧಾನ. ಮೊದಲ ಹತ್ತು ನಿಮಿಷ ಹಿಂದಿನ ಪಾಠದ ಮೆಲುಕಿಗೆ ಮೀಸಲಾದರೆ ತಡವಾಗಿ ಬಂದವರಿಗೆ ನಷ್ಟವಾಗುವುದಿಲ್ಲ. ಒಂದು ಮೂಲೆಯಲ್ಲಿ ಮಕ್ಕಳಿಗೆ ಸ್ಲೇಟು ಬಳಪ ಇಟ್ಟರೆ ತಾಯಂದಿರಿಗೆ ನೆಮ್ಮದಿ.

ನಿಜವಾದ ಅಡ್ಡಿಗಳು ಬೇರೆ. ತಪ್ಪಾಗಿ ಓದಿದವರನ್ನು ಗೇಲಿ ಮಾಡುವುದು, ಬೇರೆಯವರಿಗೆ ಅವಕಾಶ ಕೊಡದೆ ತಾವೇ ಉತ್ತರ ಹೇಳುತ್ತಿರುವುದು, ಪಾಠದ ನಡುವೆ ಮೊಬೈಲಿನಲ್ಲಿ ಜೋರಾಗಿ ಮಾತನಾಡುವುದು, ಕುಡಿದು ಬರುವುದು, ಊರಿನ ಹಳೆಯ ಜಗಳವನ್ನು ತರಗತಿಗೆ ತರುವುದು, ಜಾತಿಯನ್ನೋ ಹೆಣ್ಣುತನವನ್ನೋ ಹಿಡಿದು ಹಂಗಿಸುವುದು ಈ ಗುಂಪಿಗೆ ಸೇರುತ್ತವೆ. ಇವನ್ನು ಗುರುತಿಸಲು ಒಂದು ಸರಳವಾದ ಒರೆಗಲ್ಲಿದೆ. ಈ ವರ್ತನೆಯಿಂದ ಪಕ್ಕದಲ್ಲಿರುವವರು ಬಾಯಿಬಿಟ್ಟು ಓದಲು ಹಿಂಜರಿಯುತ್ತಾರೆಯೇ? ಹೌದು ಎಂದಾದರೆ ಅದು ಅಡ್ಡಿ. ಅಲ್ಲವಾದರೆ ಅದು ಕೇವಲ ಸದ್ದು.

ಕಾರಣವನ್ನು ಹುಡುಕುವುದು

ವಯಸ್ಕರ ಕಲಿಕೆಯನ್ನು ಕುರಿತು ಬರೆದ ಅಮೆರಿಕದ ಶಿಕ್ಷಣ ಚಿಂತಕ ಮಾಲ್ಕಮ್ ನೋಲ್ಸ್ (1913–1997) ಅವರು, ವಯಸ್ಕರು ತಮ್ಮನ್ನು ತಾವು ನಿರ್ಧರಿಸಿಕೊಳ್ಳಬಲ್ಲ ವ್ಯಕ್ತಿಗಳೆಂದು ಭಾವಿಸುತ್ತಾರೆ, ಇತರರೂ ಹಾಗೆಯೇ ಕಾಣಬೇಕೆಂದು ಬಯಸುತ್ತಾರೆ ಎಂದು ಪ್ರತಿಪಾದಿಸಿದರು. ಬ್ರೆಜಿಲ್‌ನ ಪಾವ್ಲೋ ಫ್ರೇರೆ (1921–1997) ಅವರು 1963ರಲ್ಲಿ ಆಂಜಿಕೋಸ್ ಎಂಬ ಪಟ್ಟಣದಲ್ಲಿ ಸುಮಾರು 300 ಮಂದಿ ದುಡಿಯುವ ಜನರಿಗೆ 40 ಗಂಟೆಗಳ ಅವಧಿಯಲ್ಲಿ ಓದು ಬರಹ ಕಲಿಸುವ ಪ್ರಯೋಗ ನಡೆಸಿದರು. ಅವರ ವಿಧಾನದಲ್ಲಿ ಕಲಿಯುವವರು ತಮ್ಮ ಬದುಕಿನ ಪದಗಳನ್ನು ಚರ್ಚಿಸುತ್ತಲೇ ಅಕ್ಷರ ಕಲಿಯುತ್ತಿದ್ದರು. ಬೋಧಕರ ಪಾತ್ರ ಚರ್ಚೆಯನ್ನು ನಡೆಸಿಕೊಡುವವರದಾಗಿತ್ತು. ಈ ಇಬ್ಬರ ಚಿಂತನೆಗಳಿಂದಲೂ ಶಿಸ್ತಿಗೆ ಸಂಬಂಧಿಸಿದ ಒಂದು ಪಾಠ ದೊರೆಯುತ್ತದೆ. ವಯಸ್ಕರನ್ನು ಮಗುವಿನಂತೆ ಕಂಡ ಕಡೆ ಪ್ರತಿಭಟನೆ ಹುಟ್ಟುತ್ತದೆ. ಅದು ಗದ್ದಲದ ರೂಪದಲ್ಲಿ ಹೊರಬೀಳುತ್ತದೆ.

ಹಳ್ಳಿಯ ಕೇಂದ್ರಗಳಲ್ಲಿ ಇದಕ್ಕಿಂತ ಸರಳವಾದ ಕಾರಣಗಳೂ ಇರುತ್ತವೆ. ಅವುಗಳಲ್ಲಿ ಮೊದಲನೆಯದು ಕಣ್ಣು. ನಲವತ್ತು ದಾಟಿದವರಲ್ಲಿ ಬಹುಪಾಲು ಜನರಿಗೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಇದನ್ನೇ ಜನ ‘ಚಾಳೀಸು’ ಎನ್ನುತ್ತಾರೆ. ಪುಸ್ತಕ ಕಾಣದವರು ‘ಕಾಣುವುದಿಲ್ಲ’ ಎಂದು ಹೇಳಿಕೊಳ್ಳಲು ನಾಚುತ್ತಾರೆ. ಪಕ್ಕದವರೊಡನೆ ಹರಟುತ್ತ ಕಾಲ ಕಳೆಯುತ್ತಾರೆ. ಕಿವಿ ಮಂದವಾದವರದೂ ಇದೇ ಕಥೆ. ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ಕಣ್ಣಿನ ತಪಾಸಣೆ ಮಾಡಿಸಿ ಕನ್ನಡಕ ಹಾಕಿಸಿದರೆ ಎಷ್ಟೋ ‘ಅಶಿಸ್ತು’ ತಾನಾಗಿಯೇ ಮಾಯವಾಗುತ್ತದೆ.

ಎರಡನೆಯದು ಸೋಲಿನ ಭಯ. ಸ್ವರ, ವ್ಯಂಜನಗಳನ್ನು ಉತ್ಸಾಹದಿಂದ ಕಲಿತವರು ಕಾಗುಣಿತಕ್ಕೆ ಬಂದಾಗ ನಿಧಾನವಾಗುತ್ತಾರೆ. ಒತ್ತಕ್ಷರ ಬಂದಾಗ ಕೈಚೆಲ್ಲುತ್ತಾರೆ. ‘ಅಕ್ಕ’, ‘ಅಪ್ಪ’ ಎಂಬ ನಿತ್ಯದ ಮಾತುಗಳೇ ಬರಹದಲ್ಲಿ ಕೈಗೆ ಸಿಗದೆ ಹೋದಾಗ ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ’ ಎಂಬ ಹಾಸ್ಯದ ಮಾತು ಹೊರಡುತ್ತದೆ. ಆ ಹಾಸ್ಯದ ಹಿಂದೆ ಸಂಕಟವಿರುತ್ತದೆ. ಪಾಠದ ವೇಗ ತಗ್ಗಿಸಿ ಎರಡು ದಿನ ಹಿಂದಿನ ಹಂತಕ್ಕೆ ಮರಳುವುದೇ ಇದಕ್ಕೆ ಮದ್ದು.

ಮೂರನೆಯದು ಊರಿನ ಸ್ಥಾನಮಾನ. ಪಂಚಾಯಿತಿ ಕಟ್ಟೆಯಲ್ಲಿ ಹತ್ತು ಜನರಿಗೆ ಬುದ್ಧಿ ಹೇಳುವ ಹಿರಿಯರು ಇಲ್ಲಿ ತಮ್ಮ ಮನೆಯ ಆಳಿನ ಪಕ್ಕದಲ್ಲಿ ಕುಳಿತು ಅವರಿಗಿಂತ ನಿಧಾನವಾಗಿ ಓದಬೇಕಾಗುತ್ತದೆ. ಕಳೆದುಹೋದ ಗೌರವವನ್ನು ಅವರು ದರ್ಪದಿಂದ ತುಂಬಿಕೊಳ್ಳಲು ನೋಡುತ್ತಾರೆ.

ಮೊದಲ ವಾರದ ಒಪ್ಪಂದ

ಶಿಸ್ತಿನ ಕೆಲಸ ಗದ್ದಲ ಎದ್ದ ಮೇಲೆ ಆರಂಭವಾಗುವುದಾದರೆ ಆಗಲೇ ತಡವಾಗಿರುತ್ತದೆ. ಮೊದಲ ವಾರದಲ್ಲಿಯೇ ಕಲಿಕಾರ್ಥಿಗಳೆಲ್ಲ ಕೂಡಿ ನಾಲ್ಕೈದು ಕಟ್ಟಳೆಗಳನ್ನು ತಾವೇ ಮಾಡಿಕೊಳ್ಳುವುದು ಒಳ್ಳೆಯದು. ಬೋಧಕರು ವಿಧಿಸಿದ ನಿಯಮವನ್ನು ಮುರಿದರೆ ಅದು ಬೋಧಕರೊಡನೆ ಜಗಳ. ಎಲ್ಲರೂ ಒಪ್ಪಿದ ಮಾತನ್ನು ಮುರಿದರೆ ಅದು ಹತ್ತು ಜನರಿಗೆ ಕೊಟ್ಟ ಮಾತಿಗೆ ತಪ್ಪಿದಂತೆ. ಸ್ವಸಹಾಯ ಸಂಘಗಳಲ್ಲಿ ಈ ಪದ್ಧತಿ ರೂಢಿಯಲ್ಲಿರುವುದರಿಂದ ಮಹಿಳೆಯರಿಗೆ ಇದು ಹೊಸತಲ್ಲ.

ಒಪ್ಪಂದದಲ್ಲಿ ಇರಬೇಕಾದ ಅಂಶಗಳು ಇಷ್ಟು:

1. ಯಾರು ಹೇಗೆ ಓದಿದರೂ ನಗಬಾರದು.
2. ಒಬ್ಬರು ಓದುವಾಗ ಇನ್ನೊಬ್ಬರು ಉತ್ತರ ಹೇಳಿಕೊಡಬಾರದು. ಕೇಳಿದರೆ ಮಾತ್ರ ಹೇಳಬೇಕು.
3. ಮೊಬೈಲಿನ ಸದ್ದು ಅಡಗಿಸಿರಬೇಕು. ತುರ್ತು ಕರೆ ಬಂದರೆ ಹೊರಗೆ ಹೋಗಿ ಮಾತನಾಡಬೇಕು.
4. ಕುಡಿದವರು ಆ ದಿನ ಬರಬಾರದು. ಮರುದಿನ ಬಂದರೆ ಯಾರೂ ಹಂಗಿಸಬಾರದು.
5. ಊರಿನ ವ್ಯಾಜ್ಯ, ಚುನಾವಣೆ, ಜಾತಿಯ ಮಾತು ಬಾಗಿಲ ಹೊರಗೆ.

ಇವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಕೆಲವು ತಿಂಗಳ ನಂತರ ಅದೇ ಒಂದು ಓದುವ ಪಾಠವಾಗುತ್ತದೆ. ತಾವು ಆಡಿದ ಮಾತನ್ನು ತಾವೇ ಓದುವ ದಿನ ಕಲಿಕಾರ್ಥಿಗಳಿಗೆ ಆಗುವ ಸಂತೋಷ ಸಣ್ಣದಲ್ಲ.

ಸಂಬೋಧನೆ ಮತ್ತು ಆಸನ

ಕನ್ನಡದಲ್ಲಿ ಏಕವಚನ, ಬಹುವಚನಗಳು ವ್ಯಾಕರಣಕ್ಕಿಂತ ಹೆಚ್ಚಾಗಿ ಮರ್ಯಾದೆಯ ವಿಷಯ. ಒಬ್ಬರನ್ನು ‘ಗೌಡರೇ ಬನ್ನಿ’ ಎಂದು ಕರೆದು, ಅದೇ ವಯಸ್ಸಿನ ಇನ್ನೊಬ್ಬರನ್ನು ‘ಬಾರೋ’ ಎಂದು ಕರೆಯುವ ಬೋಧಕರ ತರಗತಿಯಲ್ಲಿ ಶಾಂತಿ ನೆಲೆಸುವುದಿಲ್ಲ. ಎಲ್ಲರಿಗೂ ಬಹುವಚನ, ಎಲ್ಲರಿಗೂ ಒಂದೇ ಬಗೆಯ ಸಂಬೋಧನೆ ಇರಬೇಕು. ಅಣ್ಣ, ಅಕ್ಕ, ಅಜ್ಜ, ಅಮ್ಮ ಎಂಬ ನಂಟಿನ ಪದಗಳು ಎಲ್ಲರಿಗೂ ಸಲ್ಲುವುದಾದರೆ ಅವೇ ಸಾಕು. ಉತ್ತರ ಕರ್ನಾಟಕದಲ್ಲಿ ಹೆಸರಿನ ಮುಂದೆ ಅಣ್ಣ, ಅಕ್ಕ ಸೇರಿಸಿ ಕರೆಯುವ ರೂಢಿ ಇದಕ್ಕೆ ಅನುಕೂಲವಾಗಿಯೇ ಇದೆ.

ಕೂರುವ ಬಗೆಯೂ ಮುಖ್ಯ. ಕೆಲವರಿಗೆ ಕುರ್ಚಿ, ಕೆಲವರಿಗೆ ನೆಲ ಎಂದಾದರೆ ಊರಿನ ಮೇಲು ಕೀಳು ತರಗತಿಯಲ್ಲೂ ಮುಂದುವರಿದಂತೆ. ಮಂಡಿನೋವಿನವರ ಹೊರತು ಎಲ್ಲರೂ ಒಂದೇ ಜಮಖಾನದ ಮೇಲೆ ಸುತ್ತಲೂ ಕುಳಿತರೆ ಹಿಂದಿನ ಸಾಲು ಎಂಬುದೇ ಇರುವುದಿಲ್ಲ. ಪಿಸುಮಾತಿಗೆ ಮರೆಯೂ ಇರುವುದಿಲ್ಲ. ಕೇಂದ್ರದ ಜಾಗವನ್ನು ಆರಿಸುವಾಗಲೂ ಎಲ್ಲ ಕೇರಿಯವರು ಅಳುಕಿಲ್ಲದೆ ಬರಬಲ್ಲ ಸ್ಥಳವನ್ನೇ ಆರಿಸಬೇಕು. ಸರ್ಕಾರಿ ಶಾಲೆಯ ಕೊಠಡಿ ಅನೇಕ ಊರುಗಳಲ್ಲಿ ಇದಕ್ಕೆ ಒಪ್ಪುತ್ತದೆ. ಕುಡಿಯುವ ನೀರಿನ ಕೊಡ, ಲೋಟ ಎಲ್ಲರಿಗೂ ಒಂದೇ ಆಗಿರಬೇಕು.

ಪಾಠದ ನಡುವೆ ಅಡ್ಡಿಯಾದಾಗ

ಅಡ್ಡಿ ಎದುರಾದಾಗ ಅತ್ಯಂತ ಹಗುರವಾದ ಕ್ರಮದಿಂದ ಆರಂಭಿಸಿ, ಅದು ಸಾಲದಿದ್ದರೆ ಮಾತ್ರ ಮುಂದಿನ ಮೆಟ್ಟಿಲಿಗೆ ಹೋಗಬೇಕು.

ಮೊದಲನೆಯದು ಮೌನ. ಬೋಧಕರು ಮಾತು ನಿಲ್ಲಿಸಿ ಕಾದರೆ ಹರಟೆ ತಾನಾಗಿ ತಗ್ಗುತ್ತದೆ. ಎರಡನೆಯದು ಸಾಮೀಪ್ಯ, ಓದಿಸುತ್ತಲೇ ಹರಟುವವರ ಪಕ್ಕಕ್ಕೆ ಹೋಗಿ ನಿಲ್ಲುವುದು. ಮೂರನೆಯದು ಕೆಲಸ ಕೊಡುವುದು. ಹಾಜರಿ ಪುಸ್ತಕ ಹಿಡಿಯುವುದು, ಬಳಪ ಹಂಚುವುದು, ಲೆಕ್ಕದ ಪಾಠಕ್ಕೆ ಸಂತೆಯ ದರ ಹೇಳುವುದು. ನಾಲ್ಕನೆಯದು ಒಪ್ಪಂದವನ್ನು ನೆನಪಿಸುವುದು. ಯಾರ ಹೆಸರನ್ನೂ ಎತ್ತದೆ ಗೋಡೆಯ ಹಾಳೆಯತ್ತ ಕೈ ತೋರಿದರೆ ಸಾಕು. ಐದನೆಯದು ಸಣ್ಣ ವಿರಾಮ; ಎಲ್ಲರೂ ನೀರು ಕುಡಿದು ಬರುವಷ್ಟರಲ್ಲಿ ಸಂಬಂಧಪಟ್ಟವರೊಡನೆ ಹೊರಗೆ ಎರಡು ಮಾತು. ಆರನೆಯದು ‘ಇವತ್ತು ಮನೆಗೆ ಹೋಗಿ, ನಾಳೆ ಬನ್ನಿ’ ಎಂದು ತಗ್ಗಿದ ದನಿಯಲ್ಲಿ ಹೇಳುವುದು. ‘ನಾಳೆ ಬನ್ನಿ’ ಎಂಬ ಮಾತನ್ನು ಎಂದಿಗೂ ಬಿಡಬಾರದು.

ಹತ್ತು ಜನರ ಎದುರಿಗೆ ತಿದ್ದುವುದು ಮಾತ್ರ ಎಲ್ಲ ಹಂತದಲ್ಲಿಯೂ ವರ್ಜ್ಯ. ಎದುರಿನಲ್ಲಿ ಹೊಗಳಿ, ಮರೆಯಲ್ಲಿ ತಿದ್ದುವುದು ಹಿರಿಯರ ಜೊತೆಗಿನ ವ್ಯವಹಾರದಲ್ಲಿ ಹಳೆಯ ವಿವೇಕ. ಆದರೆ ಇದಕ್ಕೆ ಒಂದು ಅಪವಾದವಿದೆ. ಒಬ್ಬರಿಗೆ ಎಲ್ಲರೆದುರು ಅವಮಾನವಾದಾಗ ಅದಕ್ಕೆ ತಡೆಯೂ ಎಲ್ಲರೆದುರೇ ಬೀಳಬೇಕು. ‘ಇಲ್ಲಿ ಆ ಮಾತು ನಡೆಯುವುದಿಲ್ಲ’ ಎಂಬ ಒಂದೇ ವಾಕ್ಯ, ಅದೇ ಕ್ಷಣದಲ್ಲಿ. ಬೋಧಕರು ಅಲ್ಲಿ ಸುಮ್ಮನಿದ್ದರೆ ಅವಮಾನಿತರು ಆ ಮೌನವನ್ನು ಸಮ್ಮತಿಯೆಂದು ತಿಳಿಯುತ್ತಾರೆ.

ಕೆಲವು ವಿಶೇಷ ಸಂದರ್ಭಗಳು

ಎಲ್ಲವನ್ನೂ ಬಲ್ಲವರು: ಎರಡನೆಯ ತರಗತಿಯವರೆಗೆ ಓದಿ ಬಿಟ್ಟವರು ಮೊದಲ ದಿನಗಳಲ್ಲಿ ಮುಂದಿರುತ್ತಾರೆ, ಉಳಿದವರ ಬಾಯಿ ಕಟ್ಟುತ್ತಾರೆ. ಅವರಿಗೆ ಹಿಂದುಳಿದ ಒಬ್ಬರ ಹೊಣೆ ಒಪ್ಪಿಸುವುದು ಉಪಯುಕ್ತ. ಆ ಒಬ್ಬರು ತಾವಾಗಿ ಓದಿದ ದಿನವೇ ಅವರ ಗೆಲುವು ಎಂದು ಮೊದಲೇ ತಿಳಿಸಿರಬೇಕು.

ಗೇಲಿ ಮಾಡುವವರು: ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿಸುವ ಪದ್ಧತಿಯೇ ಗೇಲಿಗೆ ಅವಕಾಶ ಕೊಡುತ್ತದೆ. ಎಲ್ಲರೂ ಒಟ್ಟಾಗಿ ಓದುವುದು, ಇಬ್ಬಿಬ್ಬರಾಗಿ ಓದುವುದು, ಒಪ್ಪಿದವರು ಮಾತ್ರ ಒಂಟಿಯಾಗಿ ಓದುವುದು ಎಂಬ ಕ್ರಮ ಅನುಸರಿಸಿದರೆ ಗೇಲಿಗೆ ಗುರಿಯೇ ಸಿಗುವುದಿಲ್ಲ. ‘ಹೆಬ್ಬೆಟ್ಟು’ ಎಂಬ ಪದ ತರಗತಿಯಲ್ಲಿ ಯಾರ ಬಾಯಿಂದಲೂ, ಬೋಧಕರ ಬಾಯಿಂದಲೂ ಬರಬಾರದು.

ಕುಡಿದು ಬಂದವರು: ಅಮಲಿನಲ್ಲಿರುವವರೊಡನೆ ವಾದ ವ್ಯರ್ಥ. ಅವರಿಗೆ ಬೇಕಾದ ಒಬ್ಬ ಸ್ನೇಹಿತರ ಜೊತೆ ಮನೆಗೆ ಕಳುಹಿಸಿ, ಮರುದಿನ ಅವರು ಎಚ್ಚರದಲ್ಲಿದ್ದಾಗ ಒಂಟಿಯಾಗಿ ಮಾತನಾಡಬೇಕು. ಬೋಧಕಿಯೊಬ್ಬರೇ ಇರುವ ಕೇಂದ್ರದಲ್ಲಿ ಊರಿನ ಇಬ್ಬರು ಹಿರಿಯರು, ಸಾಧ್ಯವಾದರೆ ಒಬ್ಬ ಮಹಿಳೆ, ಸಮೀಪದಲ್ಲಿರುವಂತೆ ಮೊದಲೇ ಏರ್ಪಾಡು ಮಾಡಿಕೊಂಡಿರಬೇಕು.

ಬಾಗಿಲಲ್ಲಿ ನಿಂತ ಗಂಡ ಅಥವಾ ಮಗ: ‘ಅಡುಗೆ ಯಾರು ಮಾಡುವುದು’ ಎಂದು ಬಾಗಿಲಲ್ಲಿ ನಿಂತು ಕೂಗುವವರು ತರಗತಿಯ ಸದಸ್ಯರಲ್ಲ, ಆದರೂ ಅವರಿಂದ ಒಬ್ಬ ಮಹಿಳೆಯ ಕಲಿಕೆ ನಿಲ್ಲುತ್ತದೆ. ಬಾಗಿಲಲ್ಲಿ ವಾಗ್ವಾದಕ್ಕಿಳಿದರೆ ಅದರ ಫಲವನ್ನು ಆ ಮಹಿಳೆ ಮನೆಯಲ್ಲಿ ಉಣ್ಣಬೇಕಾಗುತ್ತದೆ. ಆ ಮನೆಗೆ ಹಗಲಿನಲ್ಲಿ ಹೋಗಿ, ಬ್ಯಾಂಕಿನ ಚೀಟಿ ಬರೆಯುವುದರಿಂದಲೂ ಬಸ್ಸಿನ ಫಲಕ ಓದುವುದರಿಂದಲೂ ಮನೆಗೆ ಆಗುವ ಅನುಕೂಲವನ್ನು ವಿವರಿಸುವುದು, ಮಹಿಳೆಯರಿಗೆ ಒಪ್ಪುವ ಮಧ್ಯಾಹ್ನದ ವೇಳೆಗೆ ಪಾಠವನ್ನು ಬದಲಿಸುವುದು ಹೆಚ್ಚು ಫಲಕಾರಿ.

ಊರಿನ ಜಗಳ: ಎರಡು ಪಂಗಡಗಳು ಒಂದೇ ತರಗತಿಯಲ್ಲಿದ್ದಾಗ ಬೋಧಕರು ನ್ಯಾಯ ಹೇಳಲು ಹೋಗಬಾರದು. ನ್ಯಾಯ ಹೇಳಿದ ಕ್ಷಣದಲ್ಲಿ ಅವರೂ ಒಂದು ಪಂಗಡದವರಾಗುತ್ತಾರೆ.

ಮಿತಿ ಮೀರಿದಾಗ

ಸಹನೆಗೂ ಎಲ್ಲೆ ಇದೆ. ಮಕ್ಕಳ ವಿಷಯದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ವಯಸ್ಕರ ತರಗತಿಯಲ್ಲಿ ಶಿಕ್ಷೆಯ ಮಾತೇ ಬಾರದು. ಆದರೆ ಎಲ್ಲ ನಾಗರಿಕರಿಗೆ ಅನ್ವಯಿಸುವ ಕಾನೂನು ಅಲ್ಲಿಯೂ ಅನ್ವಯಿಸುತ್ತದೆ. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಬೇರೆಯವರು ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಜಾತಿಯ ಹೆಸರು ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅದಕ್ಕೆ 6 ತಿಂಗಳಿಂದ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಮಹಿಳೆಯ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ಸನ್ನೆಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮಿನಡಿ ಶಿಕ್ಷಾರ್ಹ. ಅದೇ ಸಂಹಿತೆಯ 355ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಕುಡಿದು ಕಿರುಕುಳ ಕೊಡುವವರಿಗೆ ಸಂಬಂಧಿಸಿದ್ದು. ಹಿಂಸೆಯ ಭಯವಿದ್ದಾಗ 112 ಸಂಖ್ಯೆಗೆ ಕರೆ ಮಾಡಲು ಹಿಂಜರಿಯಬಾರದು.

ಇಂತಹ ಪ್ರಸಂಗಗಳಲ್ಲಿ ‘ಹೋಗಲಿ ಬಿಡಿ, ಊರಿನ ಮಾನ’ ಎಂಬ ಒತ್ತಡ ಬರುವುದು ಸಹಜ. ದೂರು ಕೊಡಬೇಕೇ ಬೇಡವೇ ಎಂಬುದನ್ನು ನೊಂದವರು ನಿರ್ಧರಿಸಬೇಕು. ರಾಜಿ ಮಾಡಿಸುವುದು ಬೋಧಕರ ಕೆಲಸವಲ್ಲ. ನಡೆದ ದಿನ, ವೇಳೆ, ಆಡಿದ ಮಾತು, ಅಲ್ಲಿದ್ದವರ ವಿವರವನ್ನು ಅಂದೇ ಬರೆದಿಟ್ಟು ಮೇಲಿನವರಿಗೆ ತಿಳಿಸುವುದು ಅವರ ಕೆಲಸ.

ಬಿಟ್ಟುಹೋದವರನ್ನು ಕರೆತರುವುದು

ಹಾಜರಿ ಪುಸ್ತಕದಲ್ಲಿ ಸತತ ಮೂರು ದಿನ ಖಾಲಿ ಬಿದ್ದ ಮನೆಯೇ ಬೋಧಕರಿಗೆ ಎಚ್ಚರಿಕೆ. ಗದ್ದಲ ಮಾಡಿದವರೂ, ಗದ್ದಲಕ್ಕೆ ಹೆದರಿದವರೂ ಸದ್ದಿಲ್ಲದೆ ಬಿಡುತ್ತಾರೆ. ಇಬ್ಬರ ಮನೆಗೂ ಹೋಗಬೇಕು. ಮೊದಲು ಹೆದರಿದವರ ಮನೆಗೆ. ಅಲ್ಲಿ ಕೇಳಬೇಕಾದುದು ‘ಯಾಕೆ ಬರಲಿಲ್ಲ’ ಎಂಬ ಪ್ರಶ್ನೆಯನ್ನಲ್ಲ. ಅದು ಹಾಜರಿ ಕೇಳಿದಂತಾಗುತ್ತದೆ. ‘ಒತ್ತಕ್ಷರಕ್ಕೆ ಬಂದಿದ್ದೇವೆ, ನಿಮ್ಮ ಪುಸ್ತಕ ತಂದಿದ್ದೇನೆ’ ಎಂದು ಪಾಠದ ಮಾತನ್ನೇ ಎತ್ತಿದರೆ ಬಾಗಿಲು ತೆರೆಯುತ್ತದೆ. ಗದ್ದಲ ಮಾಡಿದವರ ಮನೆಯಲ್ಲಿ ಹಳೆಯ ಪ್ರಸಂಗವನ್ನು ಕೆದಕದೆ, ಒಪ್ಪಂದವನ್ನು ಒಪ್ಪಿದರೆ ಚಾಪೆಯ ಮೇಲೆ ಜಾಗ ಇದ್ದೇ ಇದೆ ಎಂಬುದನ್ನಷ್ಟೇ ತಿಳಿಸಿ ಬರಬೇಕು.

ಹೆಸರು ಬರೆಯಲು ಕಲಿತವರು ಪಡಿತರ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಪಂಚಾಯಿತಿಯಲ್ಲಿ ಶಾಯಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಲೇಖನಿ ಕೇಳುತ್ತಾರೆ. ಆ ಲೇಖನಿಯವರೆಗಿನ ದಾರಿಯಲ್ಲಿ ನೂರು ಬಾರಿ ತಪ್ಪು ಓದಬೇಕಾಗುತ್ತದೆ, ನೂರು ಬಾರಿ ತಪ್ಪು ಬರೆಯಬೇಕಾಗುತ್ತದೆ. ಯಾರೂ ನಗದಿರುವ ಒಂದು ಕೊಠಡಿ ಅವರಿಗೆ ಬೇಕು. ವಯಸ್ಕರ ತರಗತಿಯ ಶಿಸ್ತೆಲ್ಲ ಆ ಕೊಠಡಿಯನ್ನು ಕಾಯುವುದಕ್ಕಾಗಿಯೇ ಇರುವಂಥದ್ದು.